ಸಿಟ್ಟಿಗೂ ಒಂದು 'ರೀ' ಬೇಕು

ಮುದಗಲ್ಲಿನಂಥ ಊರಿನಲ್ಲಿ ಕಾಲೇಜು ಅಧ್ಯಾಪಕನಾಗಿರುವವನು ಯಾವ ವಿಷಯವನ್ನು ಓದಿದ್ದಾನೆ ಎಂಬುದನ್ನು ಯಾರೂ ಬಹಳವಾಗಿ ವಿಚಾರಿಸುವುದಿಲ್ಲ. ನಾನು ಕನ್ನಡದಲ್ಲಿ ಎಂ.ಎ. ಮಾಡಿದವನು, ತರಗತಿಯಲ್ಲಿ ಪಂಪ, ರನ್ನರನ್ನು ಪಾಠ ಹೇಳುವವನು. ಆದರೂ ಬ್ಯಾಂಕಿನ ಫಾರಂ ತುಂಬಿಸಬೇಕಾದವರು, ವಿಮೆಯ ಕಾಗದ ಓದಿಸಬೇಕಾದವರು, ದೂರದ ಊರಿನಲ್ಲಿರುವ ಮಗನಿಗೆ ಬಂದ ಇಂಗ್ಲಿಷ್ ಪತ್ರದ ತಾತ್ಪರ್ಯ ತಿಳಿಯಬೇಕಾದವರು ಸಂಜೆಯ ಹೊತ್ತಿಗೆ ನಮ್ಮ ಮನೆಯ ಬಾಗಿಲಿಗೆ ಬರುತ್ತಾರೆ. "ನೀವು ಓದಿದವರು" ಎಂಬ ಒಂದೇ ಮಾತಿನಲ್ಲಿ ಕನ್ನಡ, ಇಂಗ್ಲಿಷು, ಕಾನೂನು, ವೈದ್ಯ ಎಲ್ಲವೂ ಅಡಕವಾಗಿರುತ್ತವೆ.

ಹಾಗೆಯೇ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಬಂದಳು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿನವಳು. ಹೊರರಾಜ್ಯದ ಸಂಸ್ಥೆಯೊಂದರಲ್ಲಿ ತರಬೇತಿ ಮುಗಿಸಿ, ಮುಂದಿನ ವ್ಯಾಸಂಗಕ್ಕೆ ಬೇರೊಂದು ಕಡೆ ಸೀಟು ಪಡೆದಿದ್ದಳು. ಆದರೆ ಮೊದಲಿನ ಸಂಸ್ಥೆಯವರು ಮೂಲ ಅಂಕಪಟ್ಟಿಯನ್ನು ಎರಡು ತಿಂಗಳಾದರೂ ಕಳುಹಿಸಿರಲಿಲ್ಲ. ಅದನ್ನು ಒಪ್ಪಿಸಲು ಇನ್ನು ಹನ್ನೊಂದು ದಿನ ಮಾತ್ರ ಉಳಿದಿದ್ದವು. ಮೂರು ಸಲ ಈಮೇಲಿನಲ್ಲಿ ಬರೆದಿದ್ದಳು. ಮೂರನೆಯದಕ್ಕೆ ಉತ್ತರವೇನೋ ಬಂದಿತ್ತು: ಪತ್ರವ್ಯವಹಾರದಲ್ಲಿ ಸಭ್ಯ ಭಾಷೆಯನ್ನು ನಿರೀಕ್ಷಿಸಲಾಗುತ್ತದೆ, ನಿಮ್ಮ ಕೋರಿಕೆಯನ್ನು ಯಥಾಕಾಲದಲ್ಲಿ ಪರಿಶೀಲಿಸಲಾಗುವುದು ಎಂದು ಎರಡೇ ಸಾಲು.

"ನಾನೇನು ಬೈದಿಲ್ರಿ ಸರ," ಎಂದು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು. ಮೊಬೈಲು ತೆಗೆದು ತಾನು ಬರೆದದ್ದನ್ನು ತೋರಿಸಿದಳು. "ಸರ್, ವೈ ಯು ಹ್ಯಾವ್ ಫರ್ಗಾಟನ್ ಮಿ? ತ್ರೀ ಟೈಮ್ಸ್ ಐ ಟೋಲ್ಡ್. ಯು ಮಸ್ಟ್ ಸೆಂಡ್ ಮೈ ಮಾರ್ಕ್ಸ್ ಕಾರ್ಡ್ ಇಮ್ಮೀಡಿಯಟ್ಲಿ."

ನಿಜಕ್ಕೂ ಅವಳು ಬೈದಿರಲಿಲ್ಲ. ಆದರೆ ಓದಿದವನಿಗೆ ಬೈದಂತೆ ಕೇಳಿಸಿತ್ತು. ತಪ್ಪು ಸಂಸ್ಥೆಯದು, ತಪ್ಪಿತಸ್ಥಳಾಗಿ ನಿಂತವಳು ಹುಡುಗಿ. ಇದು ಹೇಗಾಯಿತು?

ದಾರಿಯಲ್ಲಿ ಬಿದ್ದುಹೋದ ಅಕ್ಷರ

"ಇದನ್ನೇ ಕನ್ನಡದಾಗ ಹೇಳು" ಎಂದೆ. ಅವಳು ತಡವರಿಸದೆ ಹೇಳಿದಳು: "ಸರ, ನಮ್ಮನ್ನ ಮರ್ತೇಬಿಟ್ರೇನ್ರಿ? ಮೂರು ಸಲ ಹೇಳೀನ್ರಿ. ಮಾರ್ಕ್ಸ್ ಕಾರ್ಡ್ ಜಲ್ದಿ ಕಳಿಸಿಕೊಡಬೇಕ್ರಿ."

ವಾಚಕರೇ, ಇದರಲ್ಲಿ ಒರಟುತನ ಎಲ್ಲಿದೆ? ಮೊದಲ ಮಾತಿನಲ್ಲಿ ಸಲುಗೆ ಬೆರೆತ ಹುಸಿಮುನಿಸು, ಎರಡನೆಯದರಲ್ಲಿ ಬಳಲಿಕೆ, ಮೂರನೆಯದರಲ್ಲಿ ವಿನಂತಿ. ಮೂರಕ್ಕೂ ಬೆನ್ನೆಲುಬಾಗಿ ನಿಂತಿರುವುದು 'ರಿ' ಎಂಬ ಒಂದು ಅಕ್ಷರ. ನಮ್ಮ ಕಡೆಯ ಮಾತಿನಲ್ಲಿ ಈ 'ರಿ' ಅಥವಾ 'ರೀ' ಎಲ್ಲೆಡೆಯೂ ಇದೆ. ಹೌದ್ರಿ, ಇಲ್ರಿ, ಬರ್ರಿ, ಕುಂದರ್ರಿ. ಜಗಳಕ್ಕೆ ನಿಂತವನೂ "ಅಲ್ರೀ" ಎಂದೇ ಆರಂಭಿಸುತ್ತಾನೆ. 'ನೀನು' ಎಂಬಲ್ಲಿ 'ನೀವು' ಎಂದು ಬಹುವಚನ ಹಾಕಿ ಗೌರವಿಸುವುದು ಹಳಗನ್ನಡದಿಂದ ನಡೆದುಬಂದ ಪದ್ಧತಿ. ಆ ಗೌರವವು ಕ್ರಿಯಾಪದದ ಬಾಲದಲ್ಲಿ ತಾನಾಗಿಯೇ ಅಂಟಿಕೊಂಡು ಬರುತ್ತದೆ. 'ಕೊಡು' ಎಂದರೆ ಅಪ್ಪಣೆ, 'ಕೊಡಿ' ಎಂದರೆ ಮರ್ಯಾದೆ. ಅಷ್ಟಕ್ಕೆ ಬೇರೆ ಶಬ್ದವೇ ಬೇಡ.

ಇಂಗ್ಲಿಷಿಗೆ ಹೊರಟ ವಾಕ್ಯದ ಕೈಯಿಂದ ಮೊದಲು ಜಾರಿಬೀಳುವುದು ಈ ಬಾಲವೇ. 'ಕಳಿಸು', 'ಕಳಿಸಿ', 'ಕಳಿಸಿಕೊಡ್ರಿ' ಮೂರೂ 'ಸೆಂಡ್' ಆಗಿಬಿಡುತ್ತವೆ. ಹುಡುಗಿಯ ಮನಸ್ಸಿನಲ್ಲಿ 'ರಿ' ಇತ್ತು. ಕಾಗದದ ಮೇಲೆ ಇರಲಿಲ್ಲ. ಓದುವವನು ಕಾಗದವನ್ನು ಓದುತ್ತಾನೆಯೇ ಹೊರತು ಮನಸ್ಸನ್ನಲ್ಲ.

ಇನ್ನೊಂದು ಮೋಸಗಾರ ಪದ 'ಬೇಕು'. "ತಾವು ಸಕುಟುಂಬ ಸಪರಿವಾರರಾಗಿ ಬಂದು ವಧೂವರರನ್ನು ಆಶೀರ್ವದಿಸಬೇಕು" ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ನಾವು ಯಾರಿಗೂ ಅಪ್ಪಣೆ ಮಾಡುತ್ತಿಲ್ಲ, ಕೈಮುಗಿದು ಕರೆಯುತ್ತಿದ್ದೇವೆ. ಆದರೆ 'ಬೇಕು' ಎಂಬುದನ್ನು 'ಮಸ್ಟ್' ಎಂದು ತಿರುಗಿಸಿದೊಡನೆ ಅದರ ಮುಗಿದ ಕೈ ಬಿಚ್ಚಿ ಬೆರಳು ಎದ್ದು ನಿಲ್ಲುತ್ತದೆ. ಸ್ನೇಹಿತನಿಗೆ "ಯು ಮಸ್ಟ್ ಕಮ್ ಟು ಡಿನ್ನರ್" ಎಂದರೆ ಆದರವೇ ಸರಿ. ಕಚೇರಿಯವನಿಗೆ "ಯು ಮಸ್ಟ್ ಸೆಂಡ್" ಎಂದರೆ ಅದು ಆಜ್ಞೆ.

ಇನ್ನು "ಮರ್ತೇಬಿಟ್ರೇನ್ರಿ" ಎಂಬುದರ ಗತಿಯೂ ಅಷ್ಟೇ. ಕಿರಾಣಿ ಅಂಗಡಿಯ ಸಾಹುಕಾರರಿಗೆ ಹೀಗೆಂದರೆ ಅವರು ನಕ್ಕು ಮೊದಲು ನಮ್ಮ ಚೀಟಿಯನ್ನೇ ಕೈಗೆ ತೆಗೆದುಕೊಳ್ಳುತ್ತಾರೆ. ಮುಖಪರಿಚಯವಿಲ್ಲದವನಿಗೆ ಇಂಗ್ಲಿಷಿನಲ್ಲಿ ಬರೆದರೆ ಅದು ಕುಹಕ.

ಮೂರು ಭಾಷೆಗಳ ಊರು

ನಮ್ಮ ಊರಿಗೆ ಪರಭಾಷೆಯ ಮರ್ಯಾದೆ ಹೊಸದೇನಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿಗಾಗಿ ಬಹಮನಿಯವರೂ ವಿಜಯನಗರದವರೂ, ಆಮೇಲೆ ಆದಿಲಶಾಹಿಗಳೂ ಸೆಣಸಿದರು. ಅವರೆಲ್ಲ ತಮ್ಮ ಮುನಿಸನ್ನು ಬಹುಮಟ್ಟಿಗೆ ತೋಪಿನ ಬಾಯಿಂದಲೇ ಹೇಳಿದರೆನ್ನಿ! ಕೋಟೆಯಲ್ಲಿ ಕನ್ನಡದ ಶಾಸನಗಳೂ ಇವೆ, ಪಾರಸಿಯ ಶಾಸನಗಳೂ ಇವೆ. ೧೯೪೮ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು. ೧೯೫೬ರ ನವೆಂಬರ್ ೧ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿದೆವು. ಸಂಸ್ಥಾನದ ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆದದ್ದೂ ಉರ್ದುವಿನಲ್ಲಿಯೇ.

ಆ ಕಾಲದ ಗುರುತು ನಮ್ಮ ದೂರಿನ ಶಬ್ದಕೋಶದಲ್ಲಿ ಈಗಲೂ ಉಳಿದಿದೆ. ಅರ್ಜಿ, ತಕರಾರು, ಫಿರ್ಯಾದಿ ಈ ಮೂರೂ ಅರಬ್ಬಿ ಪಾರಸಿಗಳಿಂದ ಬಂದವು. 'ತಕರಾರು' ಎಂಬುದಕ್ಕೆ ಅರಬ್ಬಿಯಲ್ಲಿ ಮೂಲಾರ್ಥ 'ಪುನರಾವರ್ತನೆ'. ಹೇಳಿದ್ದನ್ನೇ ಹೇಳುತ್ತಾ ಹೋದರೆ ಅದು ತಕರಾರಾಗುತ್ತದೆ ಎಂಬುದು ಎಷ್ಟು ಅರ್ಥಪೂರ್ಣ! ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದವರು ಕನ್ನಡದ ವಾಕ್ಯಕ್ಕೆ ಉರ್ದುವಿನ ಟೊಪ್ಪಿಗೆ ಹಾಕುತ್ತಿರಲಿಲ್ಲ. 'ಹುಜೂರ್' ಎಲ್ಲಿ, 'ಮೆಹರ್ಬಾನಿ' ಎಲ್ಲಿ ಎಂಬುದನ್ನು ಕಲಿತು ಬರೆಯುತ್ತಿದ್ದರು. ಇಂಗ್ಲಿಷಿನ ವಿಷಯದಲ್ಲಿ ಮಾತ್ರ ನಾವು ವ್ಯಾಕರಣವನ್ನು ಕಲಿತು ರೀತಿಯನ್ನು ಬಿಟ್ಟೆವು. ಶಾಲೆಯಲ್ಲಿ ಕಾಲ, ವಚನ, ಪ್ರಯೋಗಗಳನ್ನು ಬಾಯಿಪಾಠ ಮಾಡಿಸಿದರು. ಬೇಸರವಾದಾಗ ಏನೆನ್ನಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಇಂಗ್ಲಿಷಿನ 'ರೀ' ಎಲ್ಲಿದೆ?

ಇಂಗ್ಲಿಷಿಗೂ ಒಂದು ಕಾಲದಲ್ಲಿ 'ನೀನು' 'ನೀವು' ಎಂಬ ಭೇದವಿತ್ತು. 'ದೌ' ಎಂಬುದು ಏಕವಚನ; 'ಯು' ಬಹುವಚನ, ಗೌರವಕ್ಕೂ ಅದೇ. ಹದಿನೇಳನೆಯ ಶತಮಾನದಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ದೊಡ್ಡವರನ್ನೂ 'ದೌ' ಎಂದೇ ಕರೆದು ಕೋಪಕ್ಕೆ ಗುರಿಯಾದರು. ಕಾಲಕ್ರಮದಲ್ಲಿ 'ದೌ' ಸಾಮಾನ್ಯ ಬಳಕೆಯಿಂದ ಮರೆಯಾಗಿ ಎಲ್ಲರೂ 'ಯು' ಆದರು. ರಾಜನೂ 'ಯು', ನಾಯಿಯೂ 'ಯು'. ಸರ್ವನಾಮದಲ್ಲಿ ಗೌರವಕ್ಕೆ ಜಾಗವಿಲ್ಲದೆ ಹೋದ ಮೇಲೆ ಆ ಭಾಷೆಯು ಅದನ್ನು ಬೇರೆ ಕಡೆ ಇರಿಸಬೇಕಾಯಿತು. ವಾಕ್ಯವನ್ನು ಪ್ರಶ್ನೆಯಾಗಿ ತಿರುಗಿಸುವುದರಲ್ಲಿ, ವರ್ತಮಾನದ ಮಾತನ್ನು ಭೂತಕಾಲಕ್ಕೆ ತಳ್ಳುವುದರಲ್ಲಿ, ಖಚಿತವಾದುದನ್ನು ಸಂದೇಹವೆಂಬಂತೆ ಹೇಳುವುದರಲ್ಲಿ ಇರಿಸಿತು. 'ಸೆಂಡ್' ಎನ್ನುವ ಬದಲು 'ಕುಡ್ ಯು ಸೆಂಡ್'. 'ಐ ವಾಂಟ್' ಎನ್ನುವ ಬದಲು 'ಐ ವಾಸ್ ಹೋಪಿಂಗ್'. 'ಯು ಆರ್ ರಾಂಗ್' ಎನ್ನುವ ಬದಲು 'ಐ ಆಮ್ ಅಫ್ರೇಡ್ ದೇರ್ ಹ್ಯಾಸ್ ಬೀನ್ ಎ ಮಿಸ್ಟೇಕ್'. ಈ 'ಅಫ್ರೇಡ್'ನಲ್ಲಿ ಯಾವ ಭಯವೂ ಇಲ್ಲ. ಅದು ಅವರ 'ರೀ'.

ಮಾತಿನಲ್ಲಂತೂ ಶಬ್ದ ಸರಿಯಿದ್ದರೂ ದನಿ ಕೈಕೊಡಬಹುದು. ಭಾಷಾಶಾಸ್ತ್ರಜ್ಞ ಜಾನ್ ಗಂಪರ್ಜ್ ೧೯೮೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಪ್ರಸಂಗವನ್ನು ವಿವರಿಸಿದ್ದಾರೆ. ಬ್ರಿಟನ್ನಿನ ವಿಮಾನನಿಲ್ದಾಣವೊಂದರ ಉಪಾಹಾರಗೃಹದಲ್ಲಿ ಭಾರತ ಪಾಕಿಸ್ತಾನಗಳ ಕಡೆಯ ಹೆಣ್ಣುಮಕ್ಕಳು ಬಡಿಸುವ ಕೆಲಸಕ್ಕಿದ್ದರು. ಊಟಕ್ಕೆ ಬಂದವರಿಗೆ ರಸ ಬೇಕೇ ಎಂದು ಕೇಳಲು ಅವರು "ಗ್ರೇವಿ" ಎನ್ನುತ್ತಿದ್ದರು, ದನಿಯನ್ನು ಕೊನೆಯಲ್ಲಿ ಇಳಿಸಿ. ಆಂಗ್ಲರ ಕಿವಿಗೆ ಪ್ರಶ್ನೆಯೆಂದರೆ ದನಿ ಏರಬೇಕು. ಇಳಿದರೆ "ಇದು ಗ್ರೇವಿ, ಬೇಕಾದರೆ ತಗೋ" ಎಂದಂತೆ. ಈ ಹೆಂಗಸರು ಒರಟರು ಎಂಬ ದೂರು ಹುಟ್ಟಿತು. ಅವರಿಗೋ ತಮ್ಮನ್ನು ಸುಮ್ಮನೆ ಕೀಳಾಗಿ ಕಾಣುತ್ತಾರೆಂಬ ನೋವು. ಎರಡು ಕಡೆಯವರನ್ನೂ ಕೂಡಿಸಿ ಆ ಏರಿಳಿತವನ್ನು ಕೇಳಿಸಿದಾಗಲೇ ಗಂಟು ಬಿಚ್ಚಿದ್ದು. ಒಂದು ಪದದ, ಒಂದು ದನಿಯ ವ್ಯತ್ಯಾಸವು ಮನುಷ್ಯರ ಗುಣದ ಮೇಲಿನ ತೀರ್ಪಾಗಿಬಿಟ್ಟಿತ್ತು! ನನ್ನ ವಿದ್ಯಾರ್ಥಿನಿಗೆ ಆದದ್ದೂ ಇದೇ ಅಲ್ಲವೆ?

ನಮ್ಮಲ್ಲಿ ಇಲ್ಲದ್ದೇನಲ್ಲ

ಹಾಗಾದರೆ ಇಂಗ್ಲಿಷಿನ ಸೌಜನ್ಯವು ನಮಗೆ ಸಿಕ್ಕದ ವಿದ್ಯೆಯೆ? ಖಂಡಿತ ಅಲ್ಲ. ಪೆನಿಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು ೧೯೭೮ರಲ್ಲಿ ಸೌಜನ್ಯದ ಭಾಷೆಯನ್ನು ಕುರಿತು ಪ್ರಸಿದ್ಧವಾದ ಅಧ್ಯಯನವನ್ನು ಪ್ರಕಟಿಸಿದರು. ಅದಕ್ಕೆ ಅವರು ಮುಖ್ಯವಾಗಿ ಆಧಾರವಾಗಿಟ್ಟುಕೊಂಡ ಮೂರು ಭಾಷೆಗಳು ಇಂಗ್ಲಿಷು, ಮೆಕ್ಸಿಕೋ ದೇಶದ ತ್ಸೆಲ್ಟಾಲ್, ಮತ್ತು ನಮ್ಮ ಸೋದರಭಾಷೆಯಾದ ತಮಿಳು. ಮಾತಿನಲ್ಲಿ ಪ್ರತಿಯೊಬ್ಬನಿಗೂ ಕಾಪಾಡಿಕೊಳ್ಳಬೇಕಾದ 'ಮುಖ'ವೊಂದಿರುತ್ತದೆ ಎಂಬುದು ಅವರ ವಾದದ ತಿರುಳು. ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಮುಖ ಮುರಿದ ಹಾಗೆ ಮಾತನಾಡಬೇಡ' ಎಂದು ನಮ್ಮ ಅಜ್ಜಿಯರು ಎಂದೋ ಹೇಳಿದ್ದಾರೆ.

ನಮ್ಮ ನಿತ್ಯದ ಮಾತನ್ನೇ ಗಮನಿಸಿ. "ನಿಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕಿತ್ತು" ಎನ್ನುತ್ತೇವೆ. ಕೆಲಸ ಈಗ ಆಗಬೇಕು. ಆದರೆ ಸಂಕೋಚದಿಂದ ಅದನ್ನು ಭೂತಕಾಲಕ್ಕೆ ಸರಿಸುತ್ತೇವೆ. ಇಂಗ್ಲಿಷಿನವನ 'ಐ ವಾಂಟೆಡ್ ಟು ಆಸ್ಕ್ ಯು' ಎಂಬುದೂ ಇದೇ ಉಪಾಯ. "ಸ್ವಲ್ಪ ಬಾಗಿಲು ತೆಗೀರಿ" ಎನ್ನುತ್ತೇವೆ. ಬಾಗಿಲನ್ನೇನೋ ಪೂರ್ತಿಯಾಗಿಯೇ ತೆಗೆಯಬೇಕು. 'ಸ್ವಲ್ಪ' ಎಂಬುದು ಬಾಗಿಲಿಗೆ ಸೇರಿದ್ದಲ್ಲ, ಕೇಳುವವನ ದಾಕ್ಷಿಣ್ಯಕ್ಕೆ ಸೇರಿದ್ದು. "ನೀವು ಕಾಗದ ಕಳಿಸಲಿಲ್ಲ" ಎನ್ನದೆ "ಕಾಗದ ಇನ್ನೂ ಬಂದಿಲ್ಲ" ಎನ್ನುತ್ತೇವೆ. ದೋಷವು ಮನುಷ್ಯನ ತಲೆಯಿಂದ ಇಳಿದು ಕಾಗದದ ಮೇಲೆ ಕೂರುತ್ತದೆ. 'ದಿ ಲೆಟರ್ ಹ್ಯಾಸ್ ನಾಟ್ ರೀಚ್ಡ್ ಮಿ' ಎಂಬುದು ಇದರ ಅವಳಿ. "ಎಲ್ಲೋ ಏನೋ ತಪ್ಪಾಗಿರಬೇಕು" ಎಂಬುದಕ್ಕೆ 'ದೇರ್ ಸೀಮ್ಸ್ ಟು ಬಿ ಸಮ್ ಮಿಸ್ಟೇಕ್' ಸಿದ್ಧವಾಗಿದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಪದಕ್ಕೆ ಪದವನ್ನು ಹುಡುಕಬಾರದು, ದಾಕ್ಷಿಣ್ಯಕ್ಕೆ ದಾಕ್ಷಿಣ್ಯವನ್ನು ಹುಡುಕಬೇಕು. ಮೊದಲು ಆ ಮಾತನ್ನು ಹಿರಿಯರೊಬ್ಬರ ಎದುರು ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೆವೆಂದು ನೆನೆದು, ಅದರಲ್ಲಿ ಮೆತ್ತಗಿರುವ ಭಾಗ ಯಾವುದೆಂದು ಗುರುತಿಸಿ, ಆ ಭಾಗಕ್ಕೆ ಇಂಗ್ಲಿಷಿನ ಸಮಾನವನ್ನು ಕಂಡುಕೊಂಡರೆ ಮುಕ್ಕಾಲು ಕೆಲಸ ಆದಂತೆ.

ನಗರದ ಮನೆಗಳಿಂದ ಒಂದು ಉದಾಹರಣೆ ಕೊಡುತ್ತೇನೆ. ಮಹಡಿಯ ಮನೆಯವರು ರಾತ್ರಿ ಹನ್ನೊಂದಕ್ಕೆ ಹಾಡು ಹಾಕಿದ್ದಾರೆ, ಅವರು ಕನ್ನಡಿಗರಲ್ಲ. ರೇಗಿದ ಗೃಹಸ್ಥರು ಬಾಗಿಲು ಬಡಿದು "ವೈ ಯು ಪೀಪಲ್ ಆರ್ ಮೇಕಿಂಗ್ ಸೋ ಮಚ್ ನಾಯ್ಸ್?" ಎನ್ನುತ್ತಾರೆ. 'ಯು ಪೀಪಲ್' ಎಂದರೆ ಅವರ ಮನಸ್ಸಿನಲ್ಲಿ 'ನೀವೆಲ್ಲ' ಎಂದಷ್ಟೇ. ಕೇಳುವವರಿಗೆ ಅದು 'ನಿಮ್ಮಂಥ ಜನ' ಎಂಬ ತಿರಸ್ಕಾರ. ಹಾಡಿನ ಜಗಳ ಜಾತಿಯ ಜಗಳವಾಗಲು ಇಷ್ಟು ಸಾಕು.

ಅವರೇ ನಮ್ಮ ಓಣಿಯಲ್ಲಿ ಏನೆನ್ನುತ್ತಿದ್ದರು? "ತಪ್ಪು ತಿಳ್ಕೋಬ್ಯಾಡ್ರಿ, ಅವ್ವಗ ನಿದ್ದಿ ಬರವಲ್ದು, ಸ್ವಲ್ಪ ಸಣ್ಣ ಮಾಡ್ತೀರೇನ್ರಿ?" ಇದರಲ್ಲಿ ನಾಲ್ಕು ಅಂಗಗಳಿವೆ: ಮುಂಚಿತವಾಗಿ ಒಂದು ಕ್ಷಮೆ, ಕಾರಣ, 'ಸ್ವಲ್ಪ', ಕೊನೆಗೆ ಪ್ರಶ್ನೆ. ಇಂಗ್ಲಿಷಿನಲ್ಲಿಯೂ ಈ ನಾಲ್ಕನ್ನೇ ಇಡಿ: "ಐ ಆಮ್ ಸಾರಿ ಟು ಬಾದರ್ ಯು, ಬಟ್ ಮೈ ಮದರ್ ಈಸ್ ಟ್ರೈಯಿಂಗ್ ಟು ಸ್ಲೀಪ್. ವುಡ್ ಯು ಮೈಂಡ್ ಟರ್ನಿಂಗ್ ಇಟ್ ಡೌನ್ ಎ ಲಿಟ್ಲ್?" ಇಲ್ಲಿ ಒಂದು ಎಚ್ಚರಿಕೆ. 'ವುಡ್ ಯು ಮೈಂಡ್' ಎಂಬುದಕ್ಕೆ ಎದುರಿನವರು 'ನೋ' ಎಂದರೆ ಒಪ್ಪಿದರೆಂದು ಅರ್ಥ. ಅಷ್ಟಕ್ಕೇ ಮತ್ತೆ ಸಿಟ್ಟಾಗಬಾರದು!

'ಪ್ಲೀಸ್' ಒಂದನ್ನು ಹಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂದು ತಿಳಿದವರೂ ಇದ್ದಾರೆ. ಸಾಧಾರಣ ಕೋರಿಕೆಗೆ ಅದು ಸಾಕು. ಆದರೆ "ವಿಲ್ ಯು ಪ್ಲೀಸ್ ಸ್ಟಾಪ್ ಇಟ್" ಎಂಬಲ್ಲಿ ಅದೇ 'ಪ್ಲೀಸ್' ಬೆಣ್ಣೆ ಸವರಿದ ಚಾಟಿಯಾಗುತ್ತದೆ. ನಮ್ಮಲ್ಲಿಯೂ "ದಯಮಾಡಿ ಬಾಯಿ ಮುಚ್ಚಿ" ಎಂಬುದರಲ್ಲಿ ದಯೆ ಎಲ್ಲಿದೆ?

ಬಾಗಿದ ಬೆನ್ನೂ ಬೇಡ

ಒರಟುತನಕ್ಕೆ ಹೆದರಿ ಕೆಲವರು ಇನ್ನೊಂದು ತುದಿಗೆ ಓಡುತ್ತಾರೆ. 'ಐ ಹಂಬ್ಲಿ ಬೆಗ್', 'ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್' ಎಂಬ ಒಕ್ಕಣೆಗಳು ಆಂಗ್ಲರ ಆಳ್ವಿಕೆಯ ಕಾಲದ ಅರ್ಜಿಗಳಿಂದ ಬಂದವು. ಆಳುವವರು ಹೋದರು, ಬಾಗಿದ ಬೆನ್ನು ಅರ್ಜಿಯಲ್ಲಿ ಉಳಿಯಿತು. 'ಕೈಂಡ್ಲಿ ಡು ದಿ ನೀಡ್‌ಫುಲ್' ಎಂಬುದು ಹಿಂದೆ ಇಂಗ್ಲೆಂಡಿನ ವ್ಯಾಪಾರದ ಪತ್ರಗಳಲ್ಲಿಯೂ ಇದ್ದ ಧಾಟಿಯೇ. ಅಲ್ಲಿ ಅದು ಹಳತಾಗಿದೆ, ನಮ್ಮಲ್ಲಿ ಇನ್ನೂ ಬಾಳುತ್ತಿದೆ. ಅದರಲ್ಲಿ ದೋಷವೆಂದರೆ ಅವಿನಯವಲ್ಲ, ಅಸ್ಪಷ್ಟತೆ. ಏನು ಮಾಡಬೇಕು, ಎಂದಿನೊಳಗೆ ಮಾಡಬೇಕು ಎಂಬುದನ್ನೇ ಅದು ಹೇಳುವುದಿಲ್ಲ. ಓದಿದ ಗುಮಾಸ್ತನು ಕಾಗದವನ್ನು ಮಡಿಸಿ ಇಟ್ಟರೆ ಅವನನ್ನು ದೂರುವಂತಿಲ್ಲ.

ಸೌಜನ್ಯವೆಂದರೆ ಸಿಟ್ಟನ್ನು ನುಂಗುವುದಲ್ಲ. ನ್ಯಾಯವಾದ ಅಸಮಾಧಾನವನ್ನು ಹೇಳಲೇಬೇಕು. ಹೇಳುವಾಗ ಎದುರಿನವನಿಗೆ ತನ್ನ ಮುಖ ಉಳಿಸಿಕೊಂಡು ತಪ್ಪನ್ನು ತಿದ್ದಲು ಒಂದು ಬಾಗಿಲನ್ನು ತೆರೆದಿಡಬೇಕು, ಅಷ್ಟೆ. ಮೊದಲ ಪತ್ರದಲ್ಲಿ ಬಾಗಿಲು ಅಗಲವಾಗಿರಲಿ: "ಐ ವಂಡರ್ ವೆದರ್ ಮೈ ಲೆಟರ್ ರೀಚ್ಡ್ ಯು." ಎರಡನೆಯದರಲ್ಲಿ ಹಿಂದಿನ ತಾರೀಖನ್ನು ನೆನಪಿಸಿ. ಮೂರನೆಯದರಲ್ಲಿ "ಐ ಆಮ್ ಡಿಸಪಾಯಿಂಟೆಡ್" ಎನ್ನಿ. ನಮ್ಮ ಕಿವಿಗೆ ಸಪ್ಪೆಯೆನಿಸಿದರೂ ಇಂಗ್ಲಿಷಿನ ಕಚೇರಿ ಪತ್ರದಲ್ಲಿ ಅದು ಸಾಕಷ್ಟು ಖಾರವಾದ ಮಾತು. ವಿಶೇಷಣಗಳಿಗಿಂತ ತಾರೀಖುಗಳಿಗೆ ಬಲ ಹೆಚ್ಚು. 'ತುಂಬಾ ನಿರ್ಲಕ್ಷ್ಯ' ಎಂಬುದನ್ನು ಅಲ್ಲಗಳೆಯಬಹುದು, ತಾರೀಖನ್ನು ಅಲ್ಲಗಳೆಯಲಾಗದು.

ನಾಲ್ಕನೆಯ ಪತ್ರ

ಅಂದು ರಾತ್ರಿ ಇಂಗ್ಲಿಷ್ ವಿಭಾಗದ ಮಿತ್ರರೊಬ್ಬರನ್ನೂ ಕರೆಸಿಕೊಂಡು, ಚಹ ಕುಡಿಯುತ್ತಾ ನಾಲ್ಕನೆಯ ಪತ್ರವನ್ನು ರಚಿಸಿದೆವು. ಹಿಂದಿನ ಪತ್ರದ ಧಾಟಿಗೆ ವಿಷಾದ ಸೂಚಿಸಿ ಆರಂಭಿಸೋಣ ಎಂದಾಗ ಹುಡುಗಿ ಒಪ್ಪಲಿಲ್ಲ.

"ತಪ್ಪು ಅವರದು ಐತ್ರಿ. ನಾನ್ಯಾಕ ಸಾರಿ ಕೇಳ್ಬೇಕ್ರಿ?"

ಪ್ರಶ್ನೆ ನ್ಯಾಯವಾದದ್ದೇ. ನನಗೂ ಕ್ಷಣಕಾಲ ಉತ್ತರ ಹೊಳೆಯಲಿಲ್ಲ. ಮಿತ್ರರೇ ಹೇಳಿದರು: "ಮಾರ್ಕ್ಸ್ ಕಾರ್ಡು ಕೇಳಿದ್ದಕ್ಕ ಸಾರಿ ಅನ್ನಬ್ಯಾಡವ್ವ. ಕೇಳಿದ ರೀತಿಗೆ ಒಂದು ಸಾಲು ಬರಿ. ಕೇಳೂದನ್ನ ಮಾತ್ರ ಒಂದಿಂಚೂ ಬಿಡಬ್ಯಾಡ." ಅವಳು ಯೋಚಿಸಿ ಒಪ್ಪಿದಳು. ಪತ್ರ ಹೀಗಾಯಿತು:

"ಐ ಆಮ್ ಸಾರಿ ಇಫ್ ಮೈ ಲಾಸ್ಟ್ ಲೆಟರ್ ಸೌಂಡೆಡ್ ಹಾರ್ಷ್, ದಟ್ ವಾಸ್ ನಾಟ್ ಮೈ ಇಂಟೆನ್ಷನ್. ಮೈ ಮಾರ್ಕ್ಸ್ ಕಾರ್ಡ್, ಹೌಎವರ್, ಹ್ಯಾಸ್ ಸ್ಟಿಲ್ ನಾಟ್ ರೀಚ್ಡ್ ಮಿ, ದೋ ಐ ಹ್ಯಾವ್ ರಿಟನ್ ತ್ರೀ ಟೈಮ್ಸ್. ಐ ಆಮ್ ಅಫ್ರೇಡ್ ಐ ಷಲ್ ಲೂಸ್ ಮೈ ಅಡ್ಮಿಷನ್ ಇಫ್ ಇಟ್ ಡಸ್ ನಾಟ್ ಕಮ್ ಬೈ ದಿ ಟ್ವೆಂಟಿಯತ್. ಕುಡ್ ಯು ಪ್ಲೀಸ್ ಲೆಟ್ ಮಿ ನೋ ಬೈ ಫ್ರೈಡೇ ವೆನ್ ಇಟ್ ವಿಲ್ ಬಿ ಸೆಂಟ್?" ಹಿಂದಿನ ಮೂರು ಪತ್ರಗಳ ತಾರೀಖುಗಳನ್ನು ಕೆಳಗೆ ಬರೆದೆವು.

ಬೇಡಿಕೆ ಮೊದಲಿನದೇ, ಸಿಟ್ಟೂ ಕಡಿಮೆಯಾಗಿರಲಿಲ್ಲ. ಸಾಲುಗಳನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದಾಗ, ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅವಳ ತಾಯಿ ಸೆರಗು ಸರಿಪಡಿಸಿಕೊಳ್ಳುತ್ತಾ ಕೇಳಿದರು: "ಹಂಗಾರ ಇಂಗ್ಲೀಷಿನ್ಯಾಗೂ 'ರೀ' ಐತೇನ್ರಿ ಸರ?"

"ಐತ್ರೀ ಯವ್ವ," ಎಂದೆ. "ಹುಡುಕಬೇಕಷ್ಟ."

ಶುಕ್ರವಾರ ಉತ್ತರ ಬಂತು. ತಡವಾದುದಕ್ಕೆ ವಿಷಾದವೆಂದೂ, ಅಂಕಪಟ್ಟಿಯನ್ನು ಅಂದೇ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆಯೆಂದೂ ಬರೆದಿದ್ದರು. ಕಡೆಯ ದಿನಕ್ಕೆ ಎರಡು ದಿನ ಮುಂಚೆ ಅದು ಮುದಗಲ್ಲಿಗೆ ತಲುಪಿತು. ಅದನ್ನು ತೋರಿಸಲು ಬಂದ ಹುಡುಗಿ ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನೊಂದು ವಿಷಯ ಕೇಳಬೇಕಾಗಿತ್ತು ಎಂದಳು. ಪಕ್ಕದ ಮನೆಯವರಿಗೆ ಬೆಂಗಳೂರಿನ ಕಂಪನಿಯೊಂದು ಹಣ ಹಿಂದಿರುಗಿಸಬೇಕಾಗಿದೆಯಂತೆ. ಅವರನ್ನೂ ಕರೆದುಕೊಂಡು ಬರಬಹುದೇ ಎಂದು.